ಆಮ್ಹೀ, ಆಪಣ್ ಮತ್ತು ಒಂದು ಪ್ಲೇಟು ಪೋಹೆ

ಮರಾಠಿಯಲ್ಲಿ 'ನಾವು' ಎನ್ನುವುದಕ್ಕೆ ಎರಡು ಪದಗಳಿವೆ. 'ಆಮ್ಹೀ' ಎಂದರೆ ನಾವು, ಆದರೆ ನೀನು ಅದರಲ್ಲಿಲ್ಲ. 'ಆಪಣ್' ಎಂದರೂ ನಾವೇ, ನೀನೂ ಸೇರಿಕೊಂಡು. ಪೋಹೆ ತಿನ್ನಲು ಹೊರಟ ಗುಂಪು 'ಆಮ್ಹೀ' ಎಂದು ಶುರುಮಾಡಿದರೆ ಎದುರಿಗಿದ್ದವನಿಗೆ ಸಿಕ್ಕಿದ್ದು ಒಂದು ಸುದ್ದಿ. ಅದೇ ಗುಂಪು 'ಆಪಣ್' ಎಂದರೆ ಅವನು ಚಪ್ಪಲಿ ಹಾಕಿಕೊಂಡು ಹೊರಡಬಹುದು.

ಈ ಭೇದ ನಮ್ಮ ಸುತ್ತಮುತ್ತ ಎಲ್ಲ ಕಡೆ ಇದೆ. ತಮಿಳಿನಲ್ಲಿ 'ನಾಮ್' ಮತ್ತು 'ನಾಂಗಳ್', ತೆಲುಗಿನಲ್ಲಿ 'ಮನಮು' ಮತ್ತು 'ಮೇಮು', ತುಳುವಿನಲ್ಲಿ 'ನಮ' ಮತ್ತು 'ಎಂಕುಳು'. ಮರಾಠಿಗೆ ಇದು ದ್ರಾವಿಡ ಭಾಷೆಗಳ ಒಡನಾಟದಿಂದಲೇ ಬಂದಿರಬೇಕು ಎಂದು ಅನೇಕ ಭಾಷಾವಿಜ್ಞಾನಿಗಳು ಹೇಳುತ್ತಾರೆ. ಇಂದಿನ ಕನ್ನಡದಲ್ಲಿ ಮಾತ್ರ ಒಂದೇ 'ನಾವು'. ಹಿಂದಿಯಲ್ಲೂ ಒಂದೇ 'ಹಮ್'. ಹಾಗಾಗಿ ಕನ್ನಡದಿಂದ ಹೊರಟು ಹಿಂದಿಯ ಆಸರೆಯಲ್ಲಿ ನಾಗಪುರಕ್ಕೆ ಬಂದಿಳಿದ ಹುಡುಗನೊಬ್ಬನಿಗೆ, ತನ್ನ ಮುಂದೆ ಜನ ಯಾವ 'ನಾವು' ಬಳಸುತ್ತಿದ್ದಾರೆ ಎಂಬುದು ಎಷ್ಟೋ ತಿಂಗಳು ಕಿವಿಗೇ ಬೀಳಲಿಲ್ಲ.

ಹುಡುಗ ಹಾಸನದ ಕಡೆಯವನು. 2022ರ ಮಳೆಗಾಲದಲ್ಲಿ ಎಂ.ಟೆಕ್ ಓದಲು ನಾಗಪುರಕ್ಕೆ ಬಂದ. ಮೊದಲ ಕೆಲವು ವಾರ ಹಾಸ್ಟೆಲಿನಲ್ಲಿದ್ದು, ಆಮೇಲೆ ಮನೀಶ್ ನಗರದಲ್ಲಿ ಒಂದು ಮನೆಯ ಮಹಡಿಯ ಕೋಣೆ ಹಿಡಿದ. ಮನೀಶ್ ನಗರ ಊರಿನ ದಕ್ಷಿಣ ಅಂಚಿನಲ್ಲಿದೆ. ಒಂದು ಕಡೆ ರೈಲು ಹಳಿ, ಅದರಾಚೆ ವರ್ಧಾ ರಸ್ತೆ, ಅದರ ಮೇಲೆ ಮೆಟ್ರೋ. ಇನ್ನೊಂದು ಕಡೆ ಬೇಸಾ, ಬೆಲ್ತರೋಡಿಯ ಕಡೆಗೆ ಹೊಲಗಳನ್ನು ನುಂಗುತ್ತಾ ಹೋಗುವ ಹೊಸ ಬಡಾವಣೆಗಳು. ನಾಲ್ಕು ಮಹಡಿಯ ಅಪಾರ್ಟ್‌ಮೆಂಟುಗಳು, ನಿವೃತ್ತರು ಕಟ್ಟಿಸಿದ ಸ್ವಂತ ಮನೆಗಳು, ಪಿಜಿಗಳು, ಡಬ್ಬಾ ಕಳಿಸುವ ಮೆಸ್ಸುಗಳು. ಮಿಹಾನ್ ಕಡೆ ಕೆಲಸಕ್ಕೆ ಹೋಗುವವರು, ಏಮ್ಸ್‌ನಲ್ಲಿ ಓದುವವರು, ನಗರದ ಕಾಲೇಜುಗಳಿಗೆ ದಿನವೂ ಓಡಾಡುವವರು ಇಲ್ಲಿ ಬಾಡಿಗೆಗೆ ಸಿಗುತ್ತಾರೆ. ಬೆಂಗಳೂರಿನವರಿಗೆ ಇಂಥ ಬಡಾವಣೆಯನ್ನು ಬಣ್ಣಿಸುವ ಅಗತ್ಯವೇ ಇಲ್ಲ.

ಹಾಸನದಿಂದ ನಾಗಪುರ ಎಂದರೆ ಊರಿನಲ್ಲಿ ಎಲ್ಲರೂ ಹುಬ್ಬೇರಿಸಿದ್ದರು. ಆದರೆ ನಾಗಪುರದ ಎನ್‌ಐಟಿಗೆ ಹೆಸರಿಟ್ಟಿರುವುದೇ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂಜಿನಿಯರರದ್ದು. 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಶುರುವಾದ ಅದು ಇಂದು ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಎನ್‌ಐಟಿಗಳ ಬಿ.ಟೆಕ್ ಸೀಟುಗಳಲ್ಲಿ ಅರ್ಧ ಆಯಾ ರಾಜ್ಯದವರಿಗೆ, ಇನ್ನರ್ಧ ಹೊರಗಿನವರಿಗೆ. ಅಂದರೆ ದೇಶದ ಮೂವತ್ತೊಂದು ಊರುಗಳಲ್ಲಿ ಪ್ರತಿ ವರ್ಷ ಸ್ಥಳೀಯರೂ ಪರಊರಿನವರೂ ಸರಿಸಮವಾಗಿ ಒಂದೇ ಬೆಂಚಿನಲ್ಲಿ ಕೂರುವಂತೆ ಸರ್ಕಾರವೇ ಏರ್ಪಾಡು ಮಾಡಿದೆ. ಬೆಂಚಿನವರೆಗೆ ತಲುಪಿಸುವುದು ಅದರ ಕೆಲಸ. ಅಲ್ಲಿಂದ ಮುಂದಿನದು ಆಯಾ ಹುಡುಗ ಹುಡುಗಿಯರಿಗೆ ಬಿಟ್ಟದ್ದು.

ಮೊದಲ ತಿಂಗಳುಗಳಲ್ಲಿ ಅವನಿಗೆ ಯಾವ ತೊಂದರೆಯೂ ಆಗಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಬಾಡಿಗೆ ಮಾತಾಡಿದ್ದು ಹಿಂದಿಯಲ್ಲಿ, ಡಬ್ಬಾ ಹೇಳಿದ್ದು ಹಿಂದಿಯಲ್ಲಿ, ಆಟೋದವನ ಜೊತೆ ಚೌಕಾಸಿ ಹಿಂದಿಯಲ್ಲಿ. ಅವನ ಹಿಂದಿ ಹೈಸ್ಕೂಲಿನ ಮೂರನೇ ಭಾಷೆಯ ಹಿಂದಿ, ಲಿಂಗವೆಲ್ಲ ತಲೆಕೆಳಗು. ಯಾರೂ ನಗಲಿಲ್ಲ. ನಾಗಪುರದವರು ಹೊರಗಿನ ಮುಖ ಕಂಡ ಕೂಡಲೇ ತಾವಾಗಿಯೇ ಹಿಂದಿಗೆ ಹೊರಳುತ್ತಾರೆ. ಅದಕ್ಕೆ ಚರಿತ್ರೆಯೂ ಇದೆ. ಇದು 1956ರವರೆಗೆ ಹಿಂದಿ ಮತ್ತು ಮರಾಠಿ ಎರಡೂ ಇದ್ದ ಹಳೆಯ ಮಧ್ಯಪ್ರದೇಶದ ರಾಜಧಾನಿ. ಪುಣೆಯ ಪೇಠೆಯಲ್ಲಿ ಮರಾಠಿಗೆ ಇರುವ ಹಟ ಇಲ್ಲಿಲ್ಲ. ಎರಡು ಭಾಷೆಯನ್ನೂ ಒಂದೇ ಉಸಿರಿನಲ್ಲಿ ಆಡುವುದು ಊರಿನ ರೂಢಿ.

ಎಲ್ಲರೂ ಅವನೊಂದಿಗೆ ಚೆನ್ನಾಗಿ ಮಾತಾಡುತ್ತಿದ್ದರು, ಆಮೇಲೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕ್ಯಾಂಟೀನಿನಲ್ಲಿ ನಾಲ್ಕು ಜನ ಕೂತಾಗ ಅವನಿಗೆ ಬೇಕಾದ ವಿಷಯ ಹಿಂದಿಯಲ್ಲಿ ಬರುತ್ತಿತ್ತು, ನಗು ಮಾತ್ರ ಮರಾಠಿಯಲ್ಲಿ. 'ಏನಂತೆ?' ಎಂದು ಕೇಳಿದರೆ ಯಾರಾದರೊಬ್ಬರು ಅನುವಾದಿಸುತ್ತಿದ್ದರು. ಅನುವಾದಿಸಿದ ಜೋಕಿಗೆ ನಗುವುದು ಎಂಥ ದಂಡನೆ ಎಂದು ಅನುಭವಿಸಿದವರಿಗೇ ಗೊತ್ತು.

ರಾತ್ರಿ ಕೋಣೆಗೆ ಬಂದರೆ ಕನ್ನಡದ ಹುಡುಗರ ವಾಟ್ಸ್ಯಾಪ್ ಗುಂಪು. ಅಲ್ಲಿ ರೈಲಿನ ಟಿಕೆಟ್ಟು, ಮನೆಯಿಂದ ಬಂದ ಚಟ್ನಿಪುಡಿ, ದರ್ಶನ್ ಸಿನಿಮಾ, ಐಪಿಎಲ್ಲು. ಅದಿಲ್ಲದಿದ್ದರೆ ಮೊದಲ ಸೆಮಿಸ್ಟರಿನಲ್ಲೇ ವಾಪಸು ಹೋಗಿಬಿಡುತ್ತಿದ್ದೆ ಎಂದು ಆಮೇಲೆ ಹೇಳುತ್ತಿದ್ದ. ಅದು ನಿಜವೂ ಹೌದು.

ಇಂಥದ್ದನ್ನು ಬಹಳ ಹಿಂದೆಯೇ ಅಭ್ಯಾಸ ಮಾಡಿದವರಿದ್ದಾರೆ. ಸ್ಟೀಫನ್ ಬಾಕ್ನರ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಹವಾಯಿಯಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳ ಸ್ನೇಹಗಳನ್ನು ನೋಡಿ 1977ರಲ್ಲಿ ಒಂದು ಪ್ರಬಂಧ ಬರೆದರು. ಪರಊರಿಗೆ ಬಂದ ವಿದ್ಯಾರ್ಥಿಗೆ ಮೂರು ಬಳಗಗಳಿರುತ್ತವೆ ಎಂಬುದು ಅದರ ಸಾರ. ಮೊದಲನೆಯದು ತನ್ನ ನಾಡಿನವರದ್ದು, ಮನಸ್ಸು ಬಿಚ್ಚುವುದು ಅಲ್ಲಿ. ಎರಡನೆಯದು ಆತಿಥೇಯ ಊರಿನವರದ್ದು, ಅದು ಹೆಚ್ಚಾಗಿ ಓದು ಮತ್ತು ಕೆಲಸಕಾರ್ಯಕ್ಕೆ. ಮೂರನೆಯದು ತನ್ನಂತೆಯೇ ಬೇರೆಬೇರೆ ಕಡೆಯಿಂದ ಬಂದವರದ್ದು, ಸುತ್ತಾಟ ಮೋಜಿಗೆ. ಹಾಸನದ ಹುಡುಗನ ಮೊದಲ ತಿಂಗಳುಗಳನ್ನು ಈ ಚೌಕಟ್ಟಿನಲ್ಲಿಟ್ಟರೆ ಒಂದು ಗೆರೆಯೂ ಆಚೀಚೆ ಹೋಗುವುದಿಲ್ಲ. ಕನ್ನಡದ ಗುಂಪು, ಪ್ರಯೋಗಾಲಯದ ಮರಾಠಿ ಸಹಪಾಠಿಗಳು, ವಾರಾಂತ್ಯಕ್ಕೆ ಒಬ್ಬ ಕೇರಳದವನು ಮತ್ತು ಒಬ್ಬ ಒಡಿಶಾದವನು. ಎಲ್ಲವೂ ಅದರದರ ಖಾನೆಯಲ್ಲಿ.

ಎರಡನೆಯ ಬಳಗ ಕೆಲಸದ ಗಡಿ ದಾಟಿ ಸ್ನೇಹವಾಗುವುದು ಹೇಗೆ ಎಂಬ ಪ್ರಶ್ನೆ ಹೆಚ್ಚಾಗಿ ಕೇಳಿಬರುವುದು ಜಪಾನಿಗೆ ಓದಲು ಹೋದವರಿಂದ. ಮೂರು ಲಕ್ಷ ವಿದೇಶಿ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಗುರಿಯನ್ನು ಜಪಾನ್ ಸರ್ಕಾರ 2008ರಲ್ಲಿ ಇಟ್ಟುಕೊಂಡು 2019ರಲ್ಲಿ ಮುಟ್ಟಿತು. ಅಲ್ಲಿ ವಿದೇಶಿ ವಿದ್ಯಾರ್ಥಿಗೆ 'ರ್‍ಯೂಗಾಕುಸೆಯ್' ಎಂಬ ಪ್ರತ್ಯೇಕ ಹೆಸರೇ ಇದೆ. ಹೆಸರಿನ ಜೊತೆಗೆ ಎಷ್ಟೋ ಕಡೆ ಪ್ರತ್ಯೇಕ ಕಚೇರಿ, ಪ್ರತ್ಯೇಕ ವಸತಿ, ಇಂಗ್ಲಿಷಿನಲ್ಲಿ ಪ್ರತ್ಯೇಕ ತರಗತಿ. ಎಲ್ಲವೂ ಅಚ್ಚುಕಟ್ಟು, ಎಲ್ಲವೂ ಸ್ವಲ್ಪ ದೂರ. ಎರಡು ವಾಕ್ಯ ಜಪಾನಿ ಆಡಿದರೆ ಸಾಕು, ನಿಮ್ಮ ಜಪಾನಿ ಎಷ್ಟು ಚೆನ್ನಾಗಿದೆ ಎಂದು ಹೊಗಳುತ್ತಾರೆ. ಆ ಹೊಗಳಿಕೆಯ ಬಗ್ಗೆ ವಿದೇಶಿಯರಲ್ಲೇ ಒಂದು ತಮಾಷೆ ಚಾಲ್ತಿಯಲ್ಲಿದೆ: ಹೊಗಳುವುದು ನಿಂತ ದಿನ ನಿಮ್ಮ ಜಪಾನಿ ನಿಜವಾಗಿ ಚೆನ್ನಾಗಿದೆ ಎಂದು ತಿಳಿಯಬೇಕು. ಒಳಗಿನವರು 'ಉಚಿ', ಹೊರಗಿನವರು 'ಸೊತೊ'. ಹೊರಗಿನವರೊಡನೆ ಕ್ರಿಯಾಪದದ ಕೊನೆಗೆ 'ಮಸು' ಹಚ್ಚಿ ಮರ್ಯಾದೆಯಿಂದ ಮಾತಾಡುತ್ತಾರೆ. ಆ ಮರ್ಯಾದೆ ಕಳಚಿ ಬರಿಯ ಕ್ರಿಯಾಪದ ಉಳಿದಾಗ, ನಮ್ಮಲ್ಲಿ 'ಬನ್ನಿ' ಹೋಗಿ 'ಬಾರೋ' ಬಂದ ಹಾಗೆ.

ಅಲ್ಲಿ ನೆಲೆ ಕಂಡುಕೊಂಡ ವಿದ್ಯಾರ್ಥಿಗಳು ಹೇಳುವ ದಾರಿ ಹೆಚ್ಚುಕಡಿಮೆ ಒಂದೇ: ಒಂದು 'ಸಾಕುರು' ಸೇರು. ಸರ್ಕಲ್ ಎಂಬ ಪದದ ಜಪಾನಿ ರೂಪ ಅದು. ಬ್ಯಾಡ್ಮಿಂಟನ್, ಫೋಟೋಗ್ರಫಿ, ಚಾರಣ, ಯಾವುದಾದರೊಂದರ ವಿದ್ಯಾರ್ಥಿ ಸಂಘ. ಏಪ್ರಿಲಿನಲ್ಲಿ ಶೈಕ್ಷಣಿಕ ವರ್ಷ ಶುರುವಾದಾಗ ಎಲ್ಲ ಸಂಘಗಳೂ ಹೊಸಬರನ್ನು ಕರೆಯುತ್ತವೆ. ವಾರಕ್ಕೆ ಇಂತಿಷ್ಟು ದಿನ, ಅದೇ ಜಾಗ, ಅದೇ ಜನ. ಮಾತು ಬಾರದಿದ್ದರೂ ಷಟಲ್ ಹೊಡೆಯಬಹುದು.

ಇದರ ಹಿಂದಿನ ಲೆಕ್ಕವನ್ನೂ ಒಬ್ಬರು ಹಾಕಿದ್ದಾರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಹೊಸ ಊರಿಗೆ ಬಂದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಕೇಳಿ 2018ರಲ್ಲಿ ಒಂದು ಅಂದಾಜು ಪ್ರಕಟಿಸಿದರು. ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಗಿರಬೇಕು. ಸ್ನೇಹಿತ ಎನ್ನಲು ಸುಮಾರು 90 ಗಂಟೆ. ಆಪ್ತನಾಗಲು 200ಕ್ಕೂ ಹೆಚ್ಚು. ತರಗತಿಯಲ್ಲೋ ಕೆಲಸದಲ್ಲೋ ಕೂಡಲೇಬೇಕಾಗಿ ಕೂತ ಗಂಟೆಗಳಿಗೆ ಅಷ್ಟು ಬೆಲೆ ಬರಲಿಲ್ಲ. ಹಾಗೇ ಸುಮ್ಮನೆ, ಬೇಕೆಂದು ಕೂತ ಗಂಟೆಗಳಿಗೆ ಬಂತು.

ಮನೀಶ್ ನಗರದಲ್ಲಿ ಸಾಕುರು ಇಲ್ಲ. ಪೋಹೆ ಇದೆ.

ನಾಗಪುರದ ತರ್ರಿ ಪೋಹೆ ಎಂದರೆ ನಮ್ಮ ಒಗ್ಗರಣೆ ಅವಲಕ್ಕಿಯಂಥದ್ದೇ, ಆದರೆ ಮೇಲೆ ಕಡಲೆಕಾಳಿನ ಕೆಂಪು ಖಾರದ ರಸ ಸುರಿಯುತ್ತಾರೆ. ಕಣ್ಣಲ್ಲಿ ನೀರು ಬರಬೇಕು. ಪ್ರಯೋಗಾಲಯದ ಸಹಪಾಠಿಯೊಬ್ಬ ಎರಡು ಗಲ್ಲಿ ಆಚೆ ಇರುತ್ತಾನೆ ಎಂದು ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ ಪೋಹೆ ಗಾಡಿಯ ಮುಂದೆ. ಅವನ ಜೊತೆಗೆ ಬಾಲ್ಯದ ಮೂವರು ಗೆಳೆಯರಿದ್ದರು. ಮುಂದಿನ ಭಾನುವಾರ ಹುಡುಗ ಅದೇ ಹೊತ್ತಿಗೆ ಮತ್ತೆ ಹೋದ. ಅದರ ಮುಂದಿನ ಭಾನುವಾರವೂ. ಯಾರೂ ಕರೆದಿರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಪೋಹೆ, ಆಮೇಲೆ ಚಹಾ, ಆಮೇಲೆ ಸ್ಕೂಟರಿನ ಮೇಲೆ ಕೂತು ಮಾತು, ಒಟ್ಟು ಎರಡು ಗಂಟೆ. ಹಾಲ್ ಅವರ ಲೆಕ್ಕದಲ್ಲಿ ಸಾಧಾರಣ ಸ್ನೇಹಕ್ಕೆ ಇಪ್ಪತ್ತೈದು ಭಾನುವಾರ, ಅಂದರೆ ಅರ್ಧ ವರ್ಷ.

ಮರಾಠಿ ಕಲಿಯಲು ಅವನು ಯಾವ ಕ್ಲಾಸಿಗೂ ಹೋಗಲಿಲ್ಲ. ಲಿಪಿ ಹಿಂದಿಯದ್ದೇ, ಬೋರ್ಡು ಓದಬಹುದು. 'ಳ' ಅವನ ನಾಲಿಗೆಯಲ್ಲಿ ಮೊದಲೇ ಇತ್ತು. ಹಿಂದಿಯವರು 'ಪೋಲಾ' ಎನ್ನುವ ಹಬ್ಬವನ್ನು ಅವನು ಮೊದಲ ಸಲಕ್ಕೇ 'ಪೋಳಾ' ಎಂದ. ಅಕ್ಕ, ಅಣ್ಣ ಅಲ್ಲೂ ಇದ್ದರು. ತುಪ್ಪ 'ತೂಪ್' ಆಗಿತ್ತು. ತಮಾಷೆಯಾದದ್ದು ತರಕಾರಿ ಸಂತೆಯಲ್ಲಿ. ಮಾರುವವಳು ಟೊಮೆಟೊ ತೂಗಿ ಕೊಟ್ಟು 'ಸಾಂಬಾರ್ ಬೇಕಾ?' ಎಂದಳು. ದಕ್ಷಿಣದವನೆಂದು ತಿಳಿದು ಅಣಕಿಸುತ್ತಿದ್ದಾಳೆ ಎಂದುಕೊಂಡ ಅವನು ಮುಖ ಗಂಟಿಕ್ಕಿದ. ಅವಳು ಒಂದು ಕಟ್ಟು ಕೊತ್ತಂಬರಿ ಸೊಪ್ಪು ಎತ್ತಿ ಹಿಡಿದಳು. ವಿದರ್ಭದಲ್ಲಿ ಕೊತ್ತಂಬರಿಗೆ ಸಾಂಬಾರ್ ಎನ್ನುತ್ತಾರೆ, ಅದರ ಹೂರಣ ತುಂಬಿ ಕರಿದದ್ದು ಸಾಂಬಾರವಡಿ. ನಮ್ಮಲ್ಲೂ ಹಳಬರು ಮಸಾಲೆ ಸಾಮಾನಿಗೆ ಸಾಂಬಾರ ಪದಾರ್ಥ ಎಂದೇ ಹೇಳುತ್ತಿದ್ದರಲ್ಲ.

ಈ ಕಥೆಯನ್ನು ಅವನು ಭಾನುವಾರ ಹೇಳಿದಾಗ, ಹೇಳಿದ್ದು ಮುರುಕು ಮರಾಠಿಯಲ್ಲಿ. ಮೊದಲ ಬಾರಿಗೆ ಅವರು ನಕ್ಕದ್ದು ಅವನು ಹೇಳಿದ ಜೋಕಿಗೆ. ಅಲ್ಲಿಯವರೆಗೆ 'ಅರೇ, ಮರಾಠಿ ಚೆನ್ನಾಗಿ ಬರುತ್ತಲ್ಲ ನಿಮಗೆ' ಎನ್ನುತ್ತಿದ್ದವರು ಆವತ್ತು ಅವನ ಒಂದು ಕ್ರಿಯಾಪದವನ್ನು ಹಿಡಿದು ಅರ್ಧ ಗಂಟೆ ಗೇಲಿ ಮಾಡಿದರು. ಕೆಲವು ವಾರಗಳ ನಂತರ ಅವನು ತಡವಾಗಿ ಬಂದಾಗ ಒಬ್ಬ 'ಕಾಹೂನ್ ಬೇ?' ಎಂದ. ಯಾಕೋ, ಎಂದಂತೆ. ನಾಗಪುರದಲ್ಲಿ 'ಬೇ' ಎನ್ನುವುದು ಧಾರವಾಡದಲ್ಲಿ 'ಲೇ' ಎಂದ ಹಾಗೆ, ಎಲ್ಲರಿಗೂ ಹಚ್ಚುವಂಥದ್ದಲ್ಲ.

ಅಷ್ಟರಲ್ಲಿ ಡಿಸೆಂಬರ್ ಬಂತು. ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡೂ ಚಳಿಗಾಲದ ಅಧಿವೇಶನವನ್ನು ರಾಜಧಾನಿಯ ಆಚೆ ನಡೆಸುತ್ತವೆ, ಒಂದು ಬೆಳಗಾವಿಯಲ್ಲಿ, ಇನ್ನೊಂದು ನಾಗಪುರದಲ್ಲಿ. 2022ರಲ್ಲಿ ಗಡಿ ವಿವಾದ ಮತ್ತೆ ಕಾವೇರಿತ್ತು. ಬಸ್ಸುಗಳಿಗೆ ಕಲ್ಲು ಬಿದ್ದವು, ಮಸಿ ಬಳಿದರು. ಡಿಸೆಂಬರ್ 22ರಂದು ಬೆಳಗಾವಿಯಲ್ಲಿ ಕರ್ನಾಟಕದ ವಿಧಾನಸಭೆ ಒಂದು ನಿರ್ಣಯ ಮಾಡಿತು, 27ರಂದು ನಾಗಪುರದಲ್ಲಿ ಮಹಾರಾಷ್ಟ್ರದ್ದು ಇನ್ನೊಂದು. ಎರಡೂ ಸರ್ವಾನುಮತದಿಂದ. ಒಂದು, ನೆಲ ಬಿಡುವುದಿಲ್ಲ ಎಂದಿತು. ಇನ್ನೊಂದು, 865 ಹಳ್ಳಿಗಳೂ ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ್, ಭಾಲ್ಕಿ ಪಟ್ಟಣಗಳೂ ಬೇಕು ಎಂದಿತು. ಮನೀಶ್ ನಗರದಿಂದ ವಿಧಾನಭವನಕ್ಕೆ ಕೆಲವೇ ಕಿಲೋಮೀಟರು. ಹಾಸನದಿಂದ ಅಮ್ಮ ದಿನಕ್ಕೆ ಎರಡು ಸಲ ಫೋನು ಮಾಡಿ, ರಸ್ತೆಯಲ್ಲಿ ಕನ್ನಡ ಮಾತಾಡಬೇಡ ಎಂದರು.

ಆ ಮಂಗಳವಾರದ ನಂತರದ ಭಾನುವಾರ ಹೊಸ ವರ್ಷದ ಮೊದಲ ದಿನ. ಹೋಗುವುದೋ ಬೇಡವೋ ಎಂದು ಹುಡುಗ ಎಂಟು ಗಂಟೆಯವರೆಗೆ ಹಾಸಿಗೆಯಲ್ಲೇ ಹೊರಳಿದ. ಕೊನೆಗೆ ಹೋದ. ಒಂದು ನಿಮಿಷ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಒಬ್ಬ ಕೇಳಿದ, 'ಏನು ಬೇ, ಬೆಳಗಾವಿ ಕೊಡ್ತೀಯೋ ಇಲ್ವೋ?' ಹುಡುಗ ಹೇಳಿದ, 'ಇವತ್ತಿನ ಪೋಹೆ ದುಡ್ಡು ನೀನು ಕೊಡು, ಯೋಚನೆ ಮಾಡೋಣ.' ಗಾಡಿಯವನೂ ಸೇರಿ ನಕ್ಕರು.

ನಗು ಮುಗಿದ ಮೇಲೆ ನಿಜವಾದ ಮಾತು ಶುರುವಾಯಿತು. ಸಹಪಾಠಿಯ ಅಜ್ಜ ಪ್ರತ್ಯೇಕ ವಿದರ್ಭ ರಾಜ್ಯದ ಚಳವಳಿಯಲ್ಲಿದ್ದವರು. ಮುಂಬಯಿಯವರು ಬೆಳಗಾವಿಯ ಹಳ್ಳಿ ಎಣಿಸುತ್ತಾರೆ, ನಮ್ಮ ಯವತ್ಮಾಳದ ರೈತರ ಸಾವನ್ನು ಎಣಿಸುವುದಿಲ್ಲ ಎಂಬುದು ಅವರ ಮನೆಯ ಹಳೆಯ ಸಿಟ್ಟು. ಮಾತಿನ ನಡುವೆ ದಿನಾಂಕವೊಂದು ಬಂತು. 1956ರ ನವೆಂಬರ್ 1. ಹುಡುಗ ಅದನ್ನು ಜೀವನವಿಡೀ ಹಬ್ಬವೆಂದೇ ಕೇಳಿದ್ದ. ಹಳದಿ ಕೆಂಪು ಬಾವುಟ, ಶಾಲೆಯಲ್ಲಿ ಹಂಚಿದ ಲಾಡು. ಕನ್ನಡ ನಾಡು ಒಂದಾದ ಅದೇ ದಿನ ನಾಗಪುರ ರಾಜಧಾನಿಯ ಪಟ್ಟ ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಈಗ ಅಧಿವೇಶನವೊಂದು ವರ್ಷಕ್ಕೊಮ್ಮೆ ನೆಂಟರಂತೆ ಬಂದುಹೋಗುತ್ತದೆ. ಒಂದೇ ದಿನಾಂಕ ಇಬ್ಬರ ಮನೆಯಲ್ಲೂ ಇತ್ತು, ಬೇರೆಬೇರೆ ಅರ್ಥದಲ್ಲಿ. ಇದನ್ನು ಪಠ್ಯಪುಸ್ತಕ ಹೇಳಿರಲಿಲ್ಲ. ಹಿಂದಿಯಲ್ಲಿ ನಡೆದ ನಾಲ್ಕು ತಿಂಗಳ ಸಭ್ಯ ಮಾತುಕತೆಯೂ ಹೇಳಿರಲಿಲ್ಲ.

ಆದರೂ ಅವನು ಇನ್ನೂ ಅತಿಥಿಯೇ. ಅತಿಥಿಗೆ ಪ್ರೀತಿ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಸಂಕ್ರಾಂತಿಗೆ ಮನೆಯೊಡತಿ ಕಾಕು ಎಳ್ಳುಂಡೆ ಕೊಟ್ಟರು. ಬೇಸಿಗೆ ಏರಿದಾಗ ಕಾಕಾ ತಾವೇ ಮಹಡಿಗೆ ಹಳೆಯ ಕೂಲರ್ ಹೊರಿಸಿ, ನೀರು ತುಂಬುವ ಕ್ರಮ ತೋರಿಸಿದರು. ನಾಗಪುರದ ಮೇ ತಿಂಗಳನ್ನು ಹಾಸನದವನು ಕೂಲರ್ ಇಲ್ಲದೆ ಕಳೆಯಲಾರ ಎಂದು ಅವರಿಗೆ ಗೊತ್ತಿತ್ತು. ಅವನು ಪಡೆಯುತ್ತಲೇ ಇದ್ದ. ತಿರುಗಿ ಕೊಡಲು ಅವನ ಬಳಿ ಇದ್ದದ್ದು ಊರಿನಿಂದ ತಂದ ಕಾಫಿಪುಡಿ, ಅದನ್ನು ಅವರು ಮರ್ಯಾದೆಗೆ ಕುಡಿದು ಮತ್ತೆ ಚಹಾ ಮಾಡಿಕೊಳ್ಳುತ್ತಿದ್ದರು.

ಮೇ ತಿಂಗಳ ಒಂದು ರಾತ್ರಿ ಒಂದೂವರೆಗೆ ಫೋನು ಬಂತು. ಸಹಪಾಠಿಯ ತಂದೆಗೆ ಎದೆನೋವು. ಆಸ್ಪತ್ರೆಗೆ ಸೇರಿಸಿಯಾಗಿತ್ತು. ಮನೆಯಲ್ಲಿ ಅಜ್ಜನ ಜೊತೆ ಇರಲು ಯಾರಾದರೂ ಬೇಕಿತ್ತು. ಬಾಲ್ಯದ ಮೂವರಲ್ಲಿ ಒಬ್ಬ ಊರಲ್ಲಿರಲಿಲ್ಲ, ಇಬ್ಬರು ಆಸ್ಪತ್ರೆಯಲ್ಲಿದ್ದರು. 'ಬರ್ತೀಯಾ?' ಎಂದು ಕೇಳಲಿಲ್ಲ ಅವನು, 'ಬಾ' ಎಂದ. ಹುಡುಗ ಬೆಳಗಿನವರೆಗೆ ಅಜ್ಜನ ಮಂಚದ ಪಕ್ಕ ಕೂತ. ನಿದ್ದೆ ಬಾರದ ಅಜ್ಜ ಹಳೆಯ ಚಳವಳಿಯ ಕಥೆ ಹೇಳಿದರು, ಅರ್ಧ ಅರ್ಥವಾಯಿತು. ಏಳು ಗಂಟೆಗೆ ಸಹಪಾಠಿ ಬಂದ. ತಂದೆ ಅಪಾಯದಿಂದ ಪಾರಾಗಿದ್ದರು. ಅವನು ಮುಖ ತೊಳೆದು, ಅಜ್ಜನಿಗೆ ಔಷಧಿ ಕೊಟ್ಟು, ಬಾಗಿಲ ಬಳಿ ನಿಂತು ಹೇಳಿದ್ದು ಮೂರು ಪದ: 'ಚಲ್, ಆಪಣ್ ಜಾಊ.' ನಡಿ, ಹೋಗೋಣ, ಆಸ್ಪತ್ರೆಗೆ. ಹುಡುಗನಿಗೆ ಆ 'ಆಪಣ್' ಕಿವಿಗೆ ಬಿದ್ದದ್ದು ಸ್ಕೂಟರಿನ ಹಿಂದೆ ಕೂತ ಮೇಲೆ.

ಅದಕ್ಕೂ ಮುಂಚೆ ಎಷ್ಟೋ ಸಲ ಅವರು ಆ ಪದ ಬಳಸಿದ್ದಿರಬಹುದು. ಆದರೆ ಸಹಾಯ ಮಾಡುವುದಕ್ಕಿಂತ ಸಹಾಯ ಕೇಳುವುದಕ್ಕೆ ಹೆಚ್ಚು ಸಲುಗೆ ಬೇಕು. ಪರಊರಿನವನಿಗೆ ಸ್ಥಳೀಯರು ದಾರಿ ತೋರಿಸುತ್ತಾರೆ, ಊಟ ಹಾಕುತ್ತಾರೆ, ಹಬ್ಬಕ್ಕೆ ಕರೆಯುತ್ತಾರೆ. ರಾತ್ರಿ ಒಂದೂವರೆಗೆ ಎಬ್ಬಿಸುವುದಿಲ್ಲ. ಎಬ್ಬಿಸಿದರೆ ಅವನ ಲೆಕ್ಕ ಬೇರೆ ಖಾನೆಗೆ ಹೋಗಿದೆ ಎಂದರ್ಥ. ಜಪಾನಿನಲ್ಲಾಗಲಿ ನಾಗಪುರದಲ್ಲಾಗಲಿ ಹೊಸಬ ಕಾಯಬೇಕಾದ್ದು ಕರೆಯೋಲೆಗಲ್ಲ, ಇಂಥದ್ದೊಂದು ಫೋನಿಗೆ. ಅದು ಬರುವಷ್ಟು ಹತ್ತಿರದಲ್ಲಿ, ಬರುವಷ್ಟು ಕಾಲ, ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತಾ ಇರುವುದು ಮಾತ್ರ ಅವನ ಕೈಯಲ್ಲಿದೆ.

ಎರಡನೆಯ ವರ್ಷದ ಪೋಳಾ ಹಬ್ಬದ ಮರುದಿನ ಗಲ್ಲಿಯ ಮಕ್ಕಳು ಮರದ ಪುಟ್ಟ ಎತ್ತುಗಳನ್ನು ಸಿಂಗರಿಸಿ ಮನೆಮನೆಗೆ ಬಂದರು. ತಾನ್ಹಾ ಪೋಳಾ ಎಂದರೆ ಅದು. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ ಎಂದು ಹುಡುಗ ಕಾಕುಗೆ ಹೇಳಿದ. ಕಾಕು ಅವನ ಕೈಗೆ ಚಿಲ್ಲರೆಯ ಡಬ್ಬಿ ಕೊಟ್ಟು, ಮಕ್ಕಳಿಗೆ ನೀನೇ ಕೊಡು ಬಾಳಾ, ನನಗೆ ಒಳಗೆ ಕೆಲಸವಿದೆ ಎಂದು ಹೋದರು. ಬಾಗಿಲಲ್ಲಿ ನಿಂತವನನ್ನು ಮನೆಯವನೆಂದೇ ತಿಳಿದು ಮಕ್ಕಳು ಕೈಯೊಡ್ಡಿದರು.

2024ರಲ್ಲಿ ಓದು ಮುಗಿಸಿ ಅವನು ಬೆಂಗಳೂರಿಗೆ ಕೆಲಸಕ್ಕೆ ಬಂದ. ಈಗ ಇರುವುದು ಮನೀಶ್ ನಗರದಂಥದ್ದೇ ಒಂದು ಬಡಾವಣೆ, ಅದೇ ಪಿಜಿಗಳು, ಅದೇ ಡಬ್ಬಾಗಳು. ಹೊರಗಿನವರು ಹತ್ತು ವರ್ಷ ಇದ್ದರೂ ಕನ್ನಡ ಕಲಿಯುವುದಿಲ್ಲ ಎಂಬ ದೂರು ಅಲ್ಲಿ ದಿನವೂ ಕೇಳುತ್ತದೆ. ದೂರು ಸುಳ್ಳಲ್ಲ. ಆದರೆ ಅವನ ಕಣ್ಣಿಗೆ ಈಗ ಇನ್ನೊಂದೂ ಬೀಳುತ್ತದೆ. ಬಿಹಾರದ ಹುಡುಗಿಯೊಬ್ಬಳು ಅಂಗಡಿಯಲ್ಲಿ 'ಎಷ್ಟು ಅಣ್ಣಾ' ಎಂದರೆ ಅಂಗಡಿಯವರು 'ಸಾಠ್ ರುಪಯೆ' ಎನ್ನುತ್ತಾರೆ. ಉಪಕಾರವೆಂದೇ ಹಾಗೆ ಹೇಳುತ್ತಾರೆ. ಆಫೀಸಿನ ಊಟದ ಮೇಜಿನಲ್ಲಿ ಕೆಲಸದ ಮಾತು ಇಂಗ್ಲಿಷಿನಲ್ಲಿ, ನಗು ಕನ್ನಡದಲ್ಲಿ. ಮೂಲೆಯಲ್ಲಿ ಕೂತವನು ನಗುವವರ ಮುಖ ನೋಡುತ್ತಾ ತಾನೂ ಸ್ವಲ್ಪ ನಗುತ್ತಾನೆ.

ಅವನ ತಂಡಕ್ಕೆ ಈಚೆಗೆ ಅಮರಾವತಿಯ ಹುಡುಗನೊಬ್ಬ ಸೇರಿದ್ದಾನೆ. ಮರಾಠಿಯಲ್ಲಿ ಮಾತಾಡಿಸಬಹುದಿತ್ತು, ಮೊದಲ ದಿನ ಮಾತಾಡಿಸಿಯೂ ಆಯಿತು. ಈಗ ಶನಿವಾರ ಬೆಳಿಗ್ಗೆ ಇಡ್ಲಿಗೆ ಹೋಗುವಾಗ ಅವನನ್ನೂ ಕರೆದೊಯ್ಯುತ್ತಾರೆ. ಅಲ್ಲಿ ಕನ್ನಡವೇ, ನಿಧಾನವಾಗಿ. ಅವನು ಕ್ರಿಯಾಪದ ತಪ್ಪಿದರೆ ಯಾರೂ ಹಿಂದಿಗೆ ಹೊರಳುವುದಿಲ್ಲ, ಗೇಲಿ ಮಾಡುತ್ತಾರೆ. ಕನ್ನಡದಲ್ಲಿ 'ನಾವು' ಎಂದರೆ ನೀನು ಸೇರಿಯೋ ಬಿಟ್ಟೋ ಎಂದು ಅವನು ಒಂದು ದಿನ ಕೇಳಿದ. ಪದದಿಂದ ಗೊತ್ತಾಗುವುದಿಲ್ಲ ಎಂದು ಹೇಳಬೇಕಾಯಿತು. ಇಲ್ಲಿಯವರೆಗೆ ಒಂಬತ್ತು ಶನಿವಾರಗಳಾಗಿವೆ.